ತಗಡಿನ ಮೇಲಿನ ಹೆಸರು: ಹಳೆಯ ಕಾರುಗಳು ಮತ್ತು ವಾಹನ ನೋಂದಣಿಯ ಕಥೆ



ನಮ್ಮ ಶಾಲೆಯ ಗೇಟಿನ ಬಳಿ ಸಂಜೆ ಹುಡುಗರು ಒಂದು ಆಟ ಆಡುತ್ತಾರೆ. ದೂರದಿಂದ ಬರುವ ಕಾರಿನ ದೀಪ ನೋಡಿಯೇ ಅದರ ಕಂಪನಿ ಯಾವುದು, ಮಾಡೆಲ್ ಯಾವುದು ಎಂದು ಹೇಳಬೇಕು. ತಪ್ಪು ಹೇಳಿದವನು ಆಟದಿಂದ ಹೊರಗೆ. ಒಂದು ದಿನ ನಾನೂ ಅವರ ಜೊತೆ ನಿಂತು ಕೇಳಿದೆ: "ಮಾಡೆಲ್ ಸರಿಯಾಗಿ ಹೇಳಿದಿರಿ. ಈ ಕಾರು ಯಾರದ್ದು ಅಂತ ಹೇಗೆ ಹೇಳ್ತೀರಿ?" ಒಬ್ಬ ಹುಡುಗ, "ಓಡಿಸ್ತಾ ಇರೋರದ್ದು ಸಾರ್" ಎಂದ. ಇನ್ನೊಬ್ಬ, "ಅಲ್ಲ ಸಾರ್, ದುಡ್ಡು ಕೊಟ್ಟು ತಗೊಂಡೋರದ್ದು" ಎಂದ.

ಎರಡೂ ಸರಿಯಾದ ಉತ್ತರವೆಂದೇ ನಮಗೆ ತೋರುತ್ತದೆ. ಆದರೆ ಮೋಟಾರು ವಾಹನ ಕಾಯಿದೆ ಇವೆರಡನ್ನೂ ಒಪ್ಪುವುದಿಲ್ಲ. ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು ಎಂಬುದು ಕಾಯಿದೆ ಕೊಡುವ ಉತ್ತರ. ಈ ಉತ್ತರವನ್ನು ನಮ್ಮ ಕುಟುಂಬ ಬಹಳ ದುಬಾರಿ ಬೆಲೆ ತೆತ್ತು ಕಲಿತುಕೊಂಡಿತು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೆ ಮೊದಲು, ವಾಹನಕ್ಕೆ ನಂಬರ್ ಕೊಡುವ ಪದ್ಧತಿ ಎಲ್ಲಿ ಹುಟ್ಟಿತು, ಏಕೆ ಹುಟ್ಟಿತು, ನಮ್ಮ ನಾಡಿಗೆ ಹೇಗೆ ಬಂದಿತು ಎಂಬುದನ್ನು ತಿಳಿಯೋಣ.

ಕುದುರೆಯಿಲ್ಲದ ಗಾಡಿ

ಜರ್ಮನಿಯ ಕಾರ್ಲ್ ಬೆಂಜ್ ಎಂಬ ಎಂಜಿನಿಯರ್ 1886ರ ಜನವರಿ 29ರಂದು ತನ್ನ ಮೂರು ಚಕ್ರದ ಪೆಟ್ರೋಲ್ ಗಾಡಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದ. ಮೋಟಾರು ಕಾರಿನ ಹುಟ್ಟುಹಬ್ಬ ಎಂದು ಲೋಕ ಇಂದು ನೆನೆಯುವುದು ಇದೇ ದಿನವನ್ನು. ಆದರೆ ಜನ ಆ ಗಾಡಿಯನ್ನು ಕಂಡು ನಕ್ಕರು, ಕೊಳ್ಳಲು ಮುಂದಾಗಲಿಲ್ಲ. ಆಗ ಆತನ ಪತ್ನಿ ಬರ್ಥಾ ಬೆಂಜ್ 1888ರ ಆಗಸ್ಟ್ ತಿಂಗಳಲ್ಲಿ ಒಂದು ಸಾಹಸ ಮಾಡಿದಳು. ಗಂಡನಿಗೂ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್ ಊರಿನಿಂದ ಸುಮಾರು 100 ಕಿಲೋಮೀಟರ್ ದೂರದ ಫೋರ್ಜ್‌ಹೈಮ್‌ನಲ್ಲಿದ್ದ ತನ್ನ ತವರಿಗೆ ಗಾಡಿಯಲ್ಲೇ ಹೊರಟಳು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್ಲಾಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಖರೀದಿಸಿದಳು. ಆಗ ಪೆಟ್ರೋಲ್ ಬಂಕುಗಳೇ ಇರಲಿಲ್ಲವಲ್ಲ! ಆ ಪ್ರಯಾಣ ಯಶಸ್ವಿಯಾದ ಮೇಲೆ ಜನರಿಗೆ ಈ ಯಂತ್ರದ ಮೇಲೆ ನಂಬಿಕೆ ಬಂದಿತು.

ಬರ್ಥಾಳ ಗಾಡಿಗೆ ನಂಬರ್ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಇಡೀ ಪ್ರಾಂತ್ಯದಲ್ಲಿ ಒಂದೇ ಒಂದು ಗಾಡಿ ಇರುವಾಗ ಅದು ಯಾರದ್ದೆಂದು ಕೇಳುವವರು ಯಾರು? ಗಾಡಿಗಳ ಸಂಖ್ಯೆ ಹೆಚ್ಚಿದ ಮೇಲೆ ಈ ಪ್ರಶ್ನೆ ಎದ್ದಿತು. ಜಟಕಾ ಗಾಡಿಯಾದರೆ ಯಾರನ್ನಾದರೂ ತುಳಿದರೆ ಬೆನ್ನಟ್ಟಿ ಹಿಡಿಯಬಹುದು, ಗಾಡಿಯವನ ಮುಖ ಊರಿಗೆಲ್ಲ ಗೊತ್ತು. ಮೋಟಾರು ಗಾಡಿಯಾದರೆ ಹೊಗೆ ಬಿಟ್ಟು ಕ್ಷಣದಲ್ಲಿ ಮರೆಯಾಗುತ್ತದೆ. ಗುದ್ದಿಸಿಕೊಂಡವನು ಯಾರ ಮನೆ ಬಾಗಿಲು ತಟ್ಟಬೇಕು?

ಪ್ಯಾರಿಸ್ ಕೊಟ್ಟ ಉತ್ತರ

ಈ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟದ್ದು ಫ್ರಾನ್ಸಿನ ರಾಜಧಾನಿ ಪ್ಯಾರಿಸ್. 1893ರ ಆಗಸ್ಟ್ 14ರಂದು ಅಲ್ಲಿನ ಪೊಲೀಸ್ ಇಲಾಖೆ ಒಂದು ಆಜ್ಞೆ ಹೊರಡಿಸಿತು. ಪ್ರತಿಯೊಂದು ಮೋಟಾರು ವಾಹನವೂ ಲೋಹದ ಫಲಕವೊಂದನ್ನು ಹೊತ್ತಿರಬೇಕು; ಅದರ ಮೇಲೆ ಮಾಲೀಕನ ಹೆಸರು, ವಿಳಾಸ ಮತ್ತು ಅನುಮತಿ ಪಡೆದ ಸಂಖ್ಯೆಯನ್ನು ಓದಲು ಬರುವಂತೆ ಬರೆಸಬೇಕು; ಫಲಕ ಗಾಡಿಯ ಎಡಬದಿಯಲ್ಲಿರಬೇಕು, ಅದನ್ನು ಎಂದಿಗೂ ಮರೆಮಾಡಬಾರದು. ಇದು ಆ ಆಜ್ಞೆಯ ಸಾರಾಂಶ.

ಇಲ್ಲಿ ಒಂದು ಅಂಶವನ್ನು ಗಮನಿಸಿ. ಲೋಕದ ಮೊದಲ ನಂಬರ್ ಪ್ಲೇಟಿನ ಮೇಲೆ ಇದ್ದದ್ದು ಬರೀ ನಂಬರಲ್ಲ, ಮನುಷ್ಯನ ಹೆಸರು. "ಈ ಯಂತ್ರ ಮಾಡುವ ಒಳಿತು ಕೆಡುಕಿಗೆ ನಾನು ಹೊಣೆ, ಇದೋ ನನ್ನ ಮನೆಯ ವಿಳಾಸ" ಎಂದು ಮಾಲೀಕ ಬೀದಿಯಲ್ಲಿ ಸಾರಿದಂತೆ ಅದು.

ಅಮೆರಿಕದಲ್ಲೂ ಹೀಗೆಯೇ ಆಯಿತು. 1901ರಲ್ಲಿ ನ್ಯೂಯಾರ್ಕ್ ರಾಜ್ಯ ವಾಹನ ನೋಂದಣಿಯನ್ನು ಕಡ್ಡಾಯ ಮಾಡಿದಾಗ, ಮಾಲೀಕರು ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಗಾಡಿಯ ಹಿಂಭಾಗದಲ್ಲಿ ಹಾಕಿಸಬೇಕಿತ್ತು. ಫಲಕವನ್ನು ಸರ್ಕಾರ ಕೊಡುತ್ತಿರಲಿಲ್ಲ, ಮಾಲೀಕರೇ ಮಾಡಿಸಿಕೊಳ್ಳಬೇಕಿತ್ತು. ಒಂದೇ ಮೊದಲಕ್ಷರದವರು ಎಷ್ಟು ಜನ ಇರುವುದಿಲ್ಲ! ನಮ್ಮ ತರಗತಿಯಲ್ಲೇ ಎಂ. ಅಕ್ಷರದಿಂದ ಹೆಸರು ಶುರುವಾಗುವ ಹತ್ತು ಮಂದಿ ಸಿಗುತ್ತಾರೆ. ಆದ್ದರಿಂದ ಅಕ್ಷರಗಳ ಜಾಗಕ್ಕೆ ಅಂಕಿ ಬಂದಿತು. 1903ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ತಾನೇ ಫಲಕ ತಯಾರಿಸಿ ಕೊಡಲು ಆರಂಭಿಸಿತು. ಕಬ್ಬಿಣದ ತಗಡು, ಅದರ ಮೇಲೆ ನೀಲಿ ಬಣ್ಣದ ಪಿಂಗಾಣಿ ಲೇಪ, ಬಿಳಿಯ ಅಂಕಿ.

ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯಿದೆ 1904ರ ಜನವರಿ 1ರಿಂದ ಜಾರಿಗೆ ಬಂದಿತು. ಅಲ್ಲಿ ಪ್ರತಿ ಕೌಂಟಿಗೂ ಗುರುತಿನ ಅಕ್ಷರ ಕೊಟ್ಟರು. ಲಂಡನ್ನಿಗೆ 'ಎ' ಸಿಕ್ಕಿತು. 'ಎ 1' ಎಂಬ ನಂಬರನ್ನು ಪಡೆದವರು ಅರ್ಲ್ ರಸೆಲ್ ಎಂಬ ಶ್ರೀಮಂತರು. ಫ್ಯಾನ್ಸಿ ನಂಬರಿಗಾಗಿ ಲಕ್ಷಗಟ್ಟಲೆ ಹರಾಜು ಕೂಗುವವರನ್ನು ಇಂದು ನೋಡಿ ನಗುತ್ತೇವೆ. ಆ ಹುಚ್ಚಿಗೆ ನಂಬರಿನಷ್ಟೇ ವಯಸ್ಸಾಗಿದೆ.

ಎಲ್ಲ ಕಾರೂ ಒಂದೇ ಥರ ಆದಾಗ

ಅಂಕಿಯ ನಿಜವಾದ ಅಗತ್ಯ ಕಂಡದ್ದು ಹೆನ್ರಿ ಫೋರ್ಡ್ ಕಾಲದಲ್ಲಿ. ಆತನ 'ಮಾಡೆಲ್ ಟಿ' ಕಾರು 1908ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದಾಗ ಬೆಲೆ 850 ಡಾಲರ್. 1913ರಲ್ಲಿ ಫೋರ್ಡ್ ತನ್ನ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲನ್ನು ತಂದ. ಕೆಲಸಗಾರ ಕಾರಿನ ಬಳಿಗೆ ಹೋಗುವ ಬದಲು ಕಾರೇ ಕೆಲಸಗಾರನ ಮುಂದೆ ಬಂದು ನಿಲ್ಲತೊಡಗಿತು. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಚಾಸಿಯ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಬೆಲೆಯೂ ಇಳಿಯುತ್ತಾ 1925ರ ಹೊತ್ತಿಗೆ 260 ಡಾಲರಿಗೆ ಬಂದಿತು. 1927ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದವು. 1914ರಿಂದ 1925ರವರೆಗೆ ಅವೆಲ್ಲದರ ಬಣ್ಣವೂ ಕಪ್ಪು!

ಬೀದಿಯಲ್ಲಿ ಒಂದೇ ಆಕಾರದ, ಒಂದೇ ಬಣ್ಣದ ನೂರು ಕಾರು ನಿಂತಿರುವಾಗ ಇದು ನನ್ನದು, ಅದು ನಿಮ್ಮದು ಎಂದು ಹೇಳಲು ಉಳಿದದ್ದು ಫಲಕದ ಮೇಲಿನ ನಂಬರ್ ಮತ್ತು ಕಚೇರಿಯ ರಿಜಿಸ್ಟರ್ ಮಾತ್ರ. ಕಾರ್ಖಾನೆ ಎಲ್ಲ ಕಾರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ, ನೋಂದಣಿ ಕಚೇರಿ ಒಂದೊಂದಕ್ಕೂ ಒಬ್ಬ ಹೊಣೆಗಾರನನ್ನು ಗೊತ್ತು ಮಾಡಿತು.

ನಮ್ಮ ದೇಶದಲ್ಲಿ

ಭಾರತಕ್ಕೆ ಮೋಟಾರು ಕಾರು ಬಂದದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ. ಬ್ರಿಟಿಷ್ ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯಿದೆ 1914ರಲ್ಲಿ ಆಯಿತು. ಅದರ ಬದಲಿಗೆ 1939ರಲ್ಲಿ ಇನ್ನಷ್ಟು ವಿಸ್ತಾರವಾದ ಕಾಯಿದೆ ಬಂದಿತು. ರಸ್ತೆಯಲ್ಲಿ ಹೋಗುವ ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇರಲೇಬೇಕೆಂದು ಕಡ್ಡಾಯ ಮಾಡಿದ್ದು ಈ 1939ರ ಕಾಯಿದೆಯೇ. ನಾವು ಇಂದು ಪಾಲಿಸುತ್ತಿರುವುದು 1988ರ ಕಾಯಿದೆ; ಇದು 1989ರ ಜುಲೈ 1ರಿಂದ ಜಾರಿಗೆ ಬಂದಿತು.

ಸ್ವಾತಂತ್ರ್ಯ ಬಂದ ಮೇಲೆ ಸುಮಾರು ನಾಲ್ಕು ದಶಕ ನಮ್ಮ ರಸ್ತೆಗಳಲ್ಲಿ ಓಡಿದ್ದು ಬೆರಳೆಣಿಕೆಯಷ್ಟು ಮಾದರಿಯ ಕಾರುಗಳು. ಅವುಗಳಲ್ಲಿ ಹಿರಿಯಣ್ಣ ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ 1957ರಿಂದ ಪಶ್ಚಿಮ ಬಂಗಾಳದ ಉತ್ತರಪಾಡದಲ್ಲಿ ಇದನ್ನು ತಯಾರಿಸಿತು. ಮಂತ್ರಿಗಳಿಗೂ ಅದೇ ಕಾರು, ಮದುವೆಯ ದಿಬ್ಬಣಕ್ಕೂ ಅದೇ ಕಾರು, ಆಸ್ಪತ್ರೆಗೆ ಹೊರಟ ಬಾಣಂತಿಗೂ ಅದೇ ಕಾರು. 2014ರ ಮೇ ತಿಂಗಳಲ್ಲಿ ಅದರ ತಯಾರಿಕೆ ನಿಂತಿತು.

ಎರಡನೆಯದು ಫಿಯೆಟ್. ಇಟಲಿಯ ಫಿಯೆಟ್ 1100 ಕಾರನ್ನು ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಇಲ್ಲಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಾಯಿತು. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. ಸ್ಟೀರಿಂಗ್ ಚಕ್ರದ ಪಕ್ಕದಲ್ಲೇ ಗೇರ್ ಕೋಲು ಇರುತ್ತಿದ್ದ ಆ ಕಾರನ್ನು ಓಡಿಸಿದವರು ಈಗಲೂ ನಮ್ಮ ನಡುವೆ ಇದ್ದಾರೆ. ಮೂರನೆಯದು 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಹಣವಿದ್ದರೂ ಕಾರು ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಗ್ರಾಹಕರ ಕೈಗಿತ್ತ ಮೇಲೆ ಈ ಚಿತ್ರ ಬದಲಾಗತೊಡಗಿತು.

ಎಂ.ವೈ.ಯಿಂದ ಕೆ.ಎ.ವರೆಗೆ

ನಿಮ್ಮ ಮನೆಯಲ್ಲಿ ಹಳೆಯ ಫೋಟೋ ಇದ್ದರೆ, ಅದರಲ್ಲಿ ಯಾರದಾದರೂ ಕಾರೋ ಸ್ಕೂಟರೋ ನಿಂತಿದ್ದರೆ, ಅದರ ಫಲಕವನ್ನು ಒಮ್ಮೆ ದಿಟ್ಟಿಸಿ ನೋಡಿ. ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರ. ಮೂರು ಇಂಗ್ಲಿಷ್ ಅಕ್ಷರ, ನಂತರ ಅಂಕಿ. ಅಕ್ಷರಗಳು ಎಂ.ವೈ. ಎಂದು ಆರಂಭವಾಗಿದ್ದರೆ ಅದು ಮೈಸೂರು ರಾಜ್ಯದ ಗುರುತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಆದರೆ ಆಗಲೇ ನೋಂದಣಿಯಾಗಿದ್ದ ವಾಹನಗಳು ಮೈಸೂರಿನ ಅಕ್ಷರಗಳನ್ನು ಹೊತ್ತೇ ಓಡಾಡುತ್ತಿದ್ದವು. ನಂತರದ ವರ್ಷಗಳಲ್ಲಿ ಸಿ.ಎ. ಎಂದು ಆರಂಭವಾಗುವ ಅಕ್ಷರಗಳೂ ಬಂದವು.

1989ರ ಹೊಸ ನಿಯಮದೊಂದಿಗೆ ನಮಗೆ ಕೆ.ಎ. ಸಿಕ್ಕಿತು. ಇದರಲ್ಲಿ ಮೊದಲ ಎರಡು ಅಕ್ಷರ ರಾಜ್ಯವನ್ನು, ಮುಂದಿನ ಎರಡು ಅಂಕಿ ನೋಂದಣಿ ಕಚೇರಿಯನ್ನು ಸೂಚಿಸುತ್ತವೆ. ಕೆ.ಎ. 09 ಎಂದರೆ ಮೈಸೂರು, 19 ಎಂದರೆ ಮಂಗಳೂರು, 22 ಬೆಳಗಾವಿ, 28 ವಿಜಯಪುರ, 32 ಕಲಬುರಗಿ, 38 ಬೀದರ್. ಬೀದರಿನ ಬಸ್ ನಿಲ್ದಾಣದಲ್ಲಿ 19 ನಂಬರಿನ ಲಾರಿ ಕಂಡರೆ ಅದು ಕರಾವಳಿಯಿಂದ ಬಂದದ್ದೆಂದು ಮಕ್ಕಳೂ ಊಹಿಸುತ್ತಾರೆ. ಭೂಗೋಳ ಕಲಿಸಲು ಇದಕ್ಕಿಂತ ಸುಲಭದ ಪಾಠ ಬೇಕೆ? 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ. ಕಳ್ಳರು ಸುಲಭವಾಗಿ ಬಿಚ್ಚಿ ಬದಲಾಯಿಸಬಾರದೆಂದು ಅದಕ್ಕೆ ವಿಶೇಷ ಲಾಕ್ ಇರುತ್ತದೆ.

ನೋಂದಣಿಗೆ ಆಯುಷ್ಯವೂ ಉಂಟು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಮತ್ತೆ ನವೀಕರಿಸಬೇಕು. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹಾಗಾಗಿ 2023ರ ಅಕ್ಟೋಬರ್ ಮುಗಿಯುವುದರೊಳಗೆ, ಆ ಮಹಾನಗರದ ಗುರುತೇ ಆಗಿದ್ದ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಮರೆಯಾಯಿತು. ಎಂಜಿನ್ ಓಡುತ್ತಿದ್ದರೂ ಕಾಗದದ ಆಯುಷ್ಯ ಮುಗಿದಿತ್ತು.

ಹಾಗೆಂದು ಹಳೆಯದೆಲ್ಲ ಗುಜರಿಗೆ ಹೋಗಬೇಕಾಗಿಲ್ಲ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪವನ್ನು ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ 'ವಿಂಟೇಜ್' ಎಂದು ಪ್ರತ್ಯೇಕ ವರ್ಗ ಮಾಡಿತು. ಹೊಸದಾಗಿ ನೋಂದಣಿಯಾದರೆ ಅವುಗಳ ನಂಬರಿನಲ್ಲಿ 'ವಿ.ಎ.' ಎಂಬ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದ ಕಾರಣಗಳಿಗೆ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂಥ ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಧರ್ಮಸ್ಥಳದಲ್ಲಿ ಒಳ್ಳೆಯ ಸಂಗ್ರಹಾಲಯವಿದೆ. ಶಾಲಾ ಪ್ರವಾಸ ಹೋದಾಗ ತಪ್ಪದೆ ನೋಡಿ.

ನಮ್ಮ ಚಿಚ್ಚಾರ ಅಂಬಾಸಿಡರ್

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ನಮ್ಮ ಅಬ್ಬಾರ ತಮ್ಮ, ನನ್ನ ಚಿಚ್ಚಾ, ಒಂದು ಹಳೆಯ ಅಂಬಾಸಿಡರ್ ಟ್ಯಾಕ್ಸಿ ಇಟ್ಟುಕೊಂಡಿದ್ದರು. ನಾವು ಮಕ್ಕಳೆಲ್ಲ ಅದರ ನಂಬರನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಜುಮ್ಮಾ ದಿನ ಬೆಳಿಗ್ಗೆ ಚಿಚ್ಚಾ ಕಾರು ತೊಳೆಯುವಾಗ ಫಲಕ ಒರೆಸುವ ಕೆಲಸ ನನ್ನದು. 1997ರಲ್ಲಿ ಕಣ್ಣಿನ ತೊಂದರೆಯಿಂದ ಚಿಚ್ಚಾ ಆ ಕಾರನ್ನು ಮಾರಿದರು. ಕೊಂಡವರು ಪಕ್ಕದ ತಾಲೂಕಿನವರು, ಪರಿಚಯದವರೇ. ಹಣ ಎಣಿಸಿಕೊಂಡು, ಆರ್.ಸಿ. ಬುಕ್ಕು ಕೊಟ್ಟು, ಕೈಕುಲುಕಿ, ಚಹಾ ಕುಡಿಸಿ ಕಳುಹಿಸಿದರು. ಆರ್.ಟಿ.ಓ. ಕಚೇರಿಯಲ್ಲಿ ಹೆಸರು ಬದಲಾಯಿಸುವ ಕೆಲಸ ಕೊಂಡವರದು ಎಂದು ಮಾತಾಗಿತ್ತು. "ನಂಬಿಕೆಯ ಮನುಷ್ಯ, ಮಾಡಿಸಿಕೊಳ್ಳುತ್ತಾನೆ" ಎಂದರು ಚಿಚ್ಚಾ. ಆ ಮನುಷ್ಯ ಮಾಡಿಸಲಿಲ್ಲ. ಅವರಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಕಾರು ಕೈ ಬದಲಾಯಿತು.

ಆರು ವರ್ಷಗಳ ನಂತರ ಚಿಚ್ಚಾರ ಮನೆಗೆ ನ್ಯಾಯಾಲಯದ ನೋಟೀಸು ಬಂದಿತು. ಅವರು ಎಂದೂ ಕಾಣದ ಊರಿನಲ್ಲಿ, ಅವರಿಗೆ ಗೊತ್ತೇ ಇಲ್ಲದ ಡ್ರೈವರ್ ಆ ಕಾರಿನಿಂದ ಸೈಕಲ್ ಸವಾರರೊಬ್ಬರಿಗೆ ಗುದ್ದಿದ್ದ. ಆ ಬಡವರ ಕಾಲು ಹೋಗಿತ್ತು. ಕಾರಿಗೆ ವಿಮೆ ಇರಲಿಲ್ಲ. ರಿಜಿಸ್ಟರಿನಲ್ಲಿದ್ದ ಹೆಸರು ಮಾತ್ರ ನಮ್ಮ ಚಿಚ್ಚಾರದ್ದೇ. "ನಾನು ಮಾರಿ ಆರು ವರ್ಷವಾಯಿತು" ಎಂದು ಅವರು ಎಷ್ಟು ಹೇಳಿದರೂ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಪರಿಹಾರದ ಹಣ ಅವರೇ ಕಟ್ಟಬೇಕಾಯಿತು. ಚಿಚ್ಚಿಯ ಬಳೆಗಳು ಹೋದವು. ಅದೇ ವರ್ಷ ಶಿಕ್ಷಕರ ತರಬೇತಿಗೆ ಸೇರಬೇಕಾಗಿದ್ದ ಅವರ ಮಗಳು, ನಮ್ಮ ಆಪಾ, ಶುಲ್ಕಕ್ಕೆ ಹಣವಿಲ್ಲದೆ ಮನೆಯಲ್ಲೇ ಉಳಿದರು. ಎರಡು ವರ್ಷ ಹೊಲಿಗೆ ಹಾಕಿ ಹಣ ಕೂಡಿಸಿ, ಮೂರನೇ ವರ್ಷ ಸೇರಿದರು.

ಆಗ ನನಗೆ ನ್ಯಾಯಾಲಯದ ಮೇಲೆ ಕೋಪ ಬಂದಿತ್ತು. ಮಾರಿದ ಕಾರಿಗೆ ಮಾರಿದವರು ಹೇಗೆ ಹೊಣೆ ಎಂದು ಕೇಳಿದ್ದೆ. ಈಗ ಯೋಚಿಸುತ್ತೇನೆ: ಆ ಸೈಕಲ್ ಸವಾರರು ಯಾರನ್ನು ಹುಡುಕಿಕೊಂಡು ಹೋಗಬೇಕಿತ್ತು? ಕೈಯಿಂದ ಕೈಗೆ ಹೋದ ಕಾರಿನ ಹಿಂದೆ ಊರೂರು ಅಲೆಯಲು ಅವರಿಗೆ ಕಾಲೇ ಇರಲಿಲ್ಲ. ಅವರ ಕೈಗೆ ಸಿಕ್ಕಿದ್ದು ಫಲಕದ ಮೇಲಿನ ನಂಬರ್ ಒಂದೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೀಗೆಯೇ ಹಲವು ಕೈ ದಾಟಿದ್ದ ಕಾರೊಂದರ ಪ್ರಕರಣದಲ್ಲಿ ಇದೇ ಮಾತನ್ನು ಸ್ಪಷ್ಟಪಡಿಸಿತು. ಕಾರನ್ನು ಎಷ್ಟು ಜನಕ್ಕೆ ಮಾರಿದ್ದರೂ, ಅಪಘಾತದ ದಿನ ಯಾರ ಹೆಸರು ದಾಖಲೆಯಲ್ಲಿದೆಯೋ ಅವರೇ ಪರಿಹಾರಕ್ಕೆ ಹೊಣೆ. ನೊಂದವರನ್ನು ಒಬ್ಬರ ಹಿಂದೆ ಒಬ್ಬರಂತೆ ಅಲೆಸಬಾರದು. 1893ರಲ್ಲಿ ಪ್ಯಾರಿಸ್ ನಗರ ಹೆಸರು ಬರೆಸಿದ್ದೂ ಇದೇ ಕಾರಣಕ್ಕೆ. ನಮ್ಮ ಫಲಕದ ಮೇಲೆ ಇಂದು ಹೆಸರು ಕಾಣುವುದಿಲ್ಲ, ಆದರೆ ಅಂಕಿಯ ಹಿಂದೆ ಅದು ಇದ್ದೇ ಇದೆ.

ಓದುಗರಲ್ಲಿ ಎರಡು ಮಾತು

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. ದಾಖಲೆ, ಮಾಲೀಕ, ಜಾಮೀನು, ಸಹಿ, ವಾರಸುದಾರ ಎಂಬ ಮಾತುಗಳು ಅರಬ್ಬಿ, ಫಾರ್ಸಿಗಳಿಂದ ಬಂದು ಕನ್ನಡ ಕಚೇರಿಗಳಲ್ಲಿ ನೆಲೆ ನಿಂತಿವೆ ಎಂದು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇನೆ. ಮಾತುಗಳು ಮನೆಯವೇ ಆದರೂ ಆ ಕೆಲಸಗಳನ್ನು ನಾವು ನಾಳೆಗೆ ತಳ್ಳುತ್ತೇವೆ. ನಮ್ಮಲ್ಲಿ ಎಷ್ಟೋ ಮನೆಗಳ ಅನ್ನ ಗ್ಯಾರೇಜಿನಿಂದ, ಆಟೋದಿಂದ, ಲಾರಿಯಿಂದ, ಹಳೆಯ ಗಾಡಿಗಳ ವ್ಯಾಪಾರದಿಂದ ಬರುತ್ತದೆ. ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನ ವಿನಂತಿ: ಗಾಡಿ ಮಾರಿದಾಗ 29 ಮತ್ತು 30ನೇ ನಮೂನೆಗಳನ್ನು ತುಂಬಿ ಕಚೇರಿಗೆ ಸಲ್ಲಿಸಿ, ಪ್ರತಿ ಇಟ್ಟುಕೊಳ್ಳಿ. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ನಂಬಿಕೆ ಇರಲಿ, ಅದರ ಜೊತೆಗೆ ಕಾಗದವೂ ಇರಲಿ.

ಇನ್ನು ವಿದ್ಯಾರ್ಥಿಗಳಿಗೆ. 18 ತುಂಬುವ ಮೊದಲೇ ಅಬ್ಬಾರ ಬೈಕ್ ತೆಗೆದುಕೊಂಡು ಟ್ಯೂಷನ್ನಿಗೆ ಹೋಗುವವರು ನಿಮ್ಮಲ್ಲಿದ್ದೀರಿ, ನನಗೆ ಗೊತ್ತು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಆಗಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಓಡಿಸಿದವರಿಗೆ 25 ವರ್ಷ ವಯಸ್ಸಾಗುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಗಾಡಿಯ ಕಿವಿ ಹಿಂಡುವುದು ನೀವು, ಹೆಸರು ಮಾತ್ರ ಮನೆಯ ಹಿರಿಯರದ್ದು.

ನಮ್ಮ ಚಿಚ್ಚಾ ಈಗ ಮುದುಕರಾಗಿದ್ದಾರೆ. ಕಳೆದ ರಂಜಾನ್ ತಿಂಗಳಲ್ಲಿ ನಾನು ನನ್ನ ಹಳೆಯ ಸ್ಕೂಟರ್ ಮಾರಿದಾಗ ಅವರು ಬೆಲೆ ಎಷ್ಟು ಬಂತೆಂದು ಕೇಳಲಿಲ್ಲ. "ಹೆಸರು ಬದಲಾಯಿಸಿದ್ದೀಯಾ ಬೇಟಾ?" ಎಂದು ಕೇಳಿದರು. ಕಚೇರಿಯ ರಸೀದಿ ತೋರಿಸಿದೆ. ಕನ್ನಡಕ ಏರಿಸಿ, ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ, ಮಡಿಸಿ ನನ್ನ ಕೈಗೆ ವಾಪಸು ಕೊಟ್ಟರು.